ಫಾರಮ್ಮಿನಲ್ಲಿ ಇಲ್ಲದ ಪ್ರಶ್ನೆ

ಪುಷ್ಯದ ಚಳಿ ಇನ್ನೂ ಇಳಿದಿರಲಿಲ್ಲ. ಬಸವೇಶ್ವರನಗರದ ಅಂಬುಜಾ ಮೇಡಂ ಮನೆಯ ವರಾಂಡದಲ್ಲಿ, ಬಿಸಿಲು ಬೀಳುವ ಮೂಲೆ ನೋಡಿ ಮಣೆ ಹಾಕಿಕೊಂಡು ಪಾರವ್ವ ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಗುರುವಾರಕ್ಕೊಮ್ಮೆ ಬ್ಯಾಡರಹಳ್ಳಿಯಿಂದ ಬಸ್ಸು ಹತ್ತಿ ಇಲ್ಲಿಗೆ ಬರುವುದು ಅವಳಿಗೆ ಹತ್ತು ವರ್ಷದ ರೂಢಿ. ಕೆಲಸಕ್ಕೆಂದು ಬರುವುದಲ್ಲ. ಮೇಡಂ ಪಾಠ ಮಾಡಿ ನಿವೃತ್ತರಾದ ವಿಭಾಗದಲ್ಲೇ ಪಾರವ್ವ ಅಟೆಂಡರ್ ಆಗಿದ್ದು, ಒಂದು ವರ್ಷ ಹಿಂದುಮುಂದಾಗಿ ಇಬ್ಬರೂ ಮನೆ ಸೇರಿದವರು. ಒಬ್ಬಳಿಗೆ ಎಪ್ಪತ್ತು, ಇನ್ನೊಬ್ಬರಿಗೆ ಎಪ್ಪತ್ಮೂರು. ಹೇಳಿದ್ದನ್ನೇ ಹೇಳಿಕೊಂಡು, ಕೇಳಿದ್ದನ್ನೇ ಕೇಳಿಕೊಂಡು ಮಧ್ಯಾಹ್ನದವರೆಗೆ ಕೂತಿರುತ್ತಿದ್ದರು.

ಮೇಡಂ ಕಲಿಸಿದ್ದು ಮನಶ್ಶಾಸ್ತ್ರ. ಕೇಡು ಮಾಡಿದವರನ್ನು ಜನ ಹೇಗೆ ಕ್ಷಮಿಸುತ್ತಾರೆ, ಕೂಲಿ ಇಲ್ಲದಿದ್ದರೂ ಪರರ ಸೇವೆಗೆ ಯಾಕೆ ಹೋಗುತ್ತಾರೆ, ಈ ಎರಡನ್ನೇ ಹಿಡಿದುಕೊಂಡು ಮೂವತ್ತು ವರ್ಷ ಸವೆಸಿದವರು. ಸೇವೆ ಮಾಡುವವರು ಬೇರೆಯವರಿಗಿಂತ ಹೆಚ್ಚು ಕ್ಷಮಿಸುತ್ತಾರೆ ಎಂದು ಅವರು ತೋರಿಸಿಕೊಟ್ಟ ಬರಹ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದರ ಕಡೆಯ ಪುಟದಲ್ಲಿ, ಫಾರಂ ತುಂಬಿಸಲು ನೆರವಾದವರು ಎಂದು ಪಾರವ್ವನ ಹೆಸರೂ ಇತ್ತು. ಇಂಗ್ಲಿಷಿನಲ್ಲಿ ಅದೊಂದು ಸಾಲನ್ನು ಮಾತ್ರ ಅವಳು ಓದಬಲ್ಲಳು.

ಅವತ್ತು ಒಳಗಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಸ್ಮೃತಿ ಕೂತಿದ್ದಳು. ಮೇಡಂ ಶಿಷ್ಯೆಯೊಬ್ಬಳ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ಹುಡುಗಿ. ಮೇಡಂ ತೊಂಬತ್ತೈದರಲ್ಲಿ ಕೇಳಿದ ಪ್ರಶ್ನೆಗಳನ್ನೇ ಅದೇ ಬಡಾವಣೆಗಳಲ್ಲಿ ಮತ್ತೆ ಕೇಳಿ ನೋಡುವುದು ಅವಳ ಕೆಲಸ.

"ಮ್ಯಾಮ್, ಬೇಜಾರ್ ಮಾಡ್ಕೋಬೇಡಿ. ನಿಮ್ಮ ರಿಸಲ್ಟ್ ಬರ್ತಾ ಇಲ್ಲ."

"ಮತ್ತೆ ಏನ್ ಬಂತು?"

"ಎಲ್ರೂ ಐದು. ಸೇವೆ ಮಾಡೋರೂ ಐದು, ಮಾಡದೆ ಇರೋರೂ ಐದು. 'ಪೂರ್ತಿಯಾಗಿ ಕ್ಷಮಿಸಿದ್ದೇನೆ' ಅಂತ ಒತ್ತಿದಾರೆ. ನನ್ನ ಡಾಟಾ ನೋಡಿದ್ರೆ ವೆಸ್ಟ್ ಬೆಂಗಳೂರಲ್ಲಿ ಕೋಪ ಇರೋರು ಒಬ್ರೂ ಇಲ್ಲ. ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿ ನಿಂತ್ರೆ ಹಾಗೆ ಕಾಣಲ್ಲ, ಅಷ್ಟೇ."

ಮೇಡಂ ನಗಲಿಲ್ಲ. "ನನ್ನ ಫಾರಂಗಳಲ್ಲಿ?"

"ಅದೇ ಆಶ್ಚರ್ಯ ಮ್ಯಾಮ್. ಒಂದೂ ಇದೆ, ಎರಡೂ ಇದೆ, ಮೂರು, ನಾಕು, ಎಲ್ಲಾ ಇದೆ. ಜನ ಅಷ್ಟು ನಿಜ ಹೇಳಿದಾರೆ ನಿಮ್ಮತ್ರ. ಕಾಲ ಬದಲಾಯ್ತೇನೋ."

"ಮೂವತ್ತು ವರ್ಷದಲ್ಲಿ ರಾಜಾಜಿನಗರದೋರೆಲ್ಲ ದೇವ್ರಾಗಿಬಿಟ್ರಾ? ಅದೇ ಪ್ರಶ್ನೆಗೆ ಬೇರೆ ಉತ್ತರ ಬಂದಿದೆ ಅಂದ್ರೆ ನನ್ನ ಫಾರಂಗಳಲ್ಲೇ ಏನೋ ದೋಷ ಇದೆ ಕಣೇ. ಎಲ್ಲೋ ತಪ್ಪಾಗಿದೆ, ನಾನು ನೋಡ್ಕೊಂಡಿಲ್ಲ." ಅವರೇ ಮುಂದುವರಿಸಿದರು, "ಮುಂದಿನ ಶನಿವಾರ ವಿಭಾಗದಲ್ಲಿ ಶಾಲು ಹೊದಿಸ್ತಾರಂತಲ್ಲ. ಅಲ್ಲೇ ಹೇಳಿಬಿಡ್ತೀನಿ. ಆ ಬರಹ ವಾಪಸ್ ತಗೋತೀನಿ. ಅದು ಹೋದ್ರೆ ಆಮೇಲೆ ಬರೆದಿದ್ದಕ್ಕೂ ಬುಡ ಇಲ್ಲ. ಇರ್ಲಿ."

ವರಾಂಡದಲ್ಲಿ ಪಾರವ್ವನ ಕೈ ನಿಂತಿತ್ತು. ದೋಷ ಎಲ್ಲಿದೆ ಎಂದು ಇಡೀ ಬೆಂಗಳೂರಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ತೊಂಬತ್ತೈದರಲ್ಲಿ ಅವಳಿನ್ನೂ ಕಾಯಂ ಆಗಿರಲಿಲ್ಲ. ಗದಗದ ಕಡೆಯಿಂದ ಗಂಡನ ಹಿಂದೆ ಬಂದು ನಾಯಂಡಹಳ್ಳಿಯ ಶೀಟಿನ ಮನೆಯಲ್ಲಿ ಸಂಸಾರ ಹೂಡಿದ್ದಳು. ಗಂಡ ವಿಠ್ಠಲ ಅಲ್ಲೇ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ. ಅವಳು ವಿಭಾಗದ ಕಸ ಹೊಡೆದು, ಕುಡಿಯುವ ನೀರು ತುಂಬಿಟ್ಟು, ಕಪಾಟಿನ ಧೂಳು ಒರೆಸಿ ಹೋಗುವವಳು. ಮೂರನೇ ಇಯತ್ತೆವರೆಗೆ ಓದಿದ್ದರಿಂದ ಕನ್ನಡ ಅಕ್ಷರ ಕೂಡಿಸಿಕೊಂಡು ಓದಲು ಬರುತ್ತಿತ್ತು.

ಮೇಡಂ ಆಗ ಇನ್ನೂರ ನಲವತ್ತು ಜನರಿಂದ ಫಾರಂ ತುಂಬಿಸಬೇಕಾಗಿತ್ತು. ಅರ್ಧ ಜನ ಸೇವೆ ಮಾಡುವವರು. ಆಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರಿಗೆ ಬೆಳಗಿನ ಗಂಜಿ ಹಂಚುವವರು, ರಾಮನವಮಿಯ ಪಾನಕ ಕೋಸಂಬರಿಗೆ ನಿಲ್ಲುವವರು, ಮಠದ ದಾಸೋಹಕ್ಕೆ ತರಕಾರಿ ಹೆಚ್ಚಲು ಹೋಗುವ ಹೆಂಗಸರು. ಇನ್ನರ್ಧ ಅದೇ ಬೀದಿಯ, ಎಲ್ಲಿಗೂ ಹೋಗದ ಜನ. ಈ ಕೆಲಸಕ್ಕೆ ಮೊದಲು ಗೊತ್ತುಮಾಡಿದ್ದು ಗೋಪೀನಾಥನೆಂಬ ಎಂ.ಎ. ಹುಡುಗನನ್ನು. ಅವನು ಬಿಸಿಲಲ್ಲಿ ತಿರುಗಲಾರದೆ ವಿಜಯನಗರದ ದರ್ಶಿನಿಯೊಂದರಲ್ಲಿ ನಿಂತು, ಕಾಫಿ ಕುಡಿಯುತ್ತ ಮೂವತ್ತು ಫಾರಂ ತಾನೇ ತುಂಬಿ ತಂದ. ಒಂದೇ ಪೆನ್ನು, ಒಂದೇ ಓರೆ. ಮೇಡಂ ನೋಡಿದ ತಕ್ಷಣ ಹಿಡಿದರು. ಹುಡುಗ ಮೂರು ದಿನ ಬಾಗಿಲಲ್ಲಿ ನಿಂತು ತಪ್ಪಾಯಿತೆಂದ. ಮೇಡಂ ತಲೆ ಎತ್ತಲಿಲ್ಲ. ಮೂರನೆಯ ದಿನ ಅವನು ಅಳುತ್ತ ಮೆಟ್ಟಿಲಿಳಿದು ಹೋದದ್ದನ್ನು ಪೊರಕೆ ಹಿಡಿದುಕೊಂಡು ನಿಂತು ಪಾರವ್ವ ನೋಡಿದ್ದಳು.

ಆಮೇಲೆ ಮೇಡಂ ಅವಳನ್ನು ಕರೆದರು. "ಪಾರವ್ವ, ಹೆಂಗಸರು ನಿನ್ನ ಒಳಗೆ ಬಿಟ್ಕೋತಾರೆ. ನೀನು ಓದಿ ಹೇಳು, ಅವರು ಒಂದರಿಂದ ಐದರಲ್ಲಿ ಒಂದು ಹೇಳ್ತಾರೆ, ನೀನು ಗುರುತು ಹಾಕು. ಅಲ್ಲಿರೋದನ್ನ ಇದ್ದ ಹಾಗೇ ಓದಬೇಕು. ಒಂದು ಮಾತು ಹೆಚ್ಚುಕಮ್ಮಿ ಆದ್ರೂ ಆ ಫಾರಂ ಕಸದ ಬುಟ್ಟಿಗೇ."

ನಾಲ್ಕು ದಿನ ಅವಳು ಇದ್ದ ಹಾಗೇ ಓದಿದಳು. 'ನನಗೆ ಅನ್ಯಾಯವೆಸಗಿದ ವ್ಯಕ್ತಿಯನ್ನು ನಾನು ಹೃತ್ಪೂರ್ವಕವಾಗಿ ಕ್ಷಮಿಸಿದ್ದೇನೆ.' ಮಠದ ಹಿತ್ತಲಲ್ಲಿ ಕುಂಬಳಕಾಯಿ ಹೆಚ್ಚುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಕ್ಷಮಿಸೋಕೆ ನಾವೇನ್ ಸ್ವಾಮಿಗಳಾ? ಹಾಕಮ್ಮಾ, ಯಾವ್ದು ಒಳ್ಳೇದೋ ಅದನ್ನ ಹಾಕು." ಒಳ್ಳೆಯದು ಐದು. ಎಲ್ಲರಿಗೂ ಐದು. ನಾಲ್ಕು ದಿನಕ್ಕೆ ಇಪ್ಪತ್ತೆರಡು ಫಾರಂ ಹಾಗೇ ಆದವು.

ಐದನೆಯ ದಿನ ಚಂದ್ರಾ ಲೇಔಟಿನ ಲಕ್ಷ್ಮಮ್ಮನ ಮನೆಗೆ ಹೋದಳು. ಗಂಜಿ ಹಂಚುವವರ ಪೈಕಿ ಆಕೆ. ತಾಯಿ ತೀರಿಕೊಂಡಾಗ ಅಣ್ಣನಾದವನು ಹಳೇ ಜಗಳ ಮನಸ್ಸಿನಲ್ಲಿಟ್ಟುಕೊಂಡು ಈಕೆಗೆ ಹೇಳಿಕಳಿಸಿರಲಿಲ್ಲ. ಮೂರನೆಯ ದಿನ ಹಾಲು ಹಾಕುವವನ ಬಾಯಿಂದ ಗೊತ್ತಾಗಿತ್ತು. ಅಣ್ಣನ ವಿಷಯಕ್ಕೆ ಬಂದಾಗ ಲಕ್ಷ್ಮಮ್ಮ "ಐದು" ಎಂದಳು. ಎಂದವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಪಾರವ್ವ ಫಾರಂ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ತನಗೆ ತಾನೇ ಎಂಬಂತೆ ಕೇಳಿದಳು. "ಅಲ್ರೀ ಅಕ್ಕಾ, ನಾಳೆ ಅವರು ನಿಮ್ಮ ಬಾಗಿಲಿಗಿ ಬಂದ್ರ, ಏನ್ ಮಾಡ್ತೀರಿ? ಬಾಗಿಲಾ ತಗೀತೀರೋ ಇಲ್ಲೋ?"

ಲಕ್ಷ್ಮಮ್ಮ ಕಣ್ಣು ಒರೆಸಿಕೊಂಡು ಯೋಚನೆ ಮಾಡಿದಳು. "ತೆಗೀತೀನಿ."

"ಒಳಗ ಕರೀತೀರೇನು?"

"ಕರೀತೀನಿ ಕಣಮ್ಮಾ. ನೀರು ಕೊಡ್ತೀನಿ." ಸ್ವಲ್ಪ ತಡೆದು, "ಕಾಫಿ ಮಾಡಲ್ಲ. ಕೈ ಬರಲ್ಲ ನಂಗೆ."

ಪಾರವ್ವ ಐದರ ಮೇಲೆ ಗೀಟು ಹಾಕಿ ಮೂರಕ್ಕೆ ಗುರುತು ಹಾಕಿದಳು.

ಅಲ್ಲಿಂದ ಮುಂದೆ ಫಾರಂ ಕೈಯಲ್ಲಿತ್ತು, ಪ್ರಶ್ನೆ ಅವಳದು. ಬಾಗಿಲೇ ತೆಗೆಯದಿದ್ದರೆ ಒಂದು. ಹೊಸಿಲಾಚೆ ನಿಲ್ಲಿಸಿ ಮಾತಾಡಿದರೆ ಎರಡು. ಒಳಗೆ ಕರೆದು ನೀರು ಕೊಟ್ಟರೆ ಮೂರು, ಕಾಫಿ ಕೊಟ್ಟರೆ ನಾಲ್ಕು. ತಟ್ಟೆ ಹಾಕಿ ಊಟಕ್ಕೆ ಕೂರಿಸಿದರೆ ಐದು. ಹೀಗೆ ಕೇಳಿದರೆ ಯಾರೂ ನಗುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಆ ಮನುಷ್ಯ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟುತ್ತಿತ್ತು. ಕೆಲವರು ಕದ ತೆಗೆಯುತ್ತಿದ್ದರು, ಕೆಲವರು ಅಲ್ಲೇ ನಿಲ್ಲಿಸಿ ಉಗಿಯುತ್ತಿದ್ದರು. ನಾಯಂಡಹಳ್ಳಿಯ ಪಕ್ಕದ ಮನೆಯ ಮುದುಕಿಯೊಬ್ಬಳು, "ಕಾಫಿ ಕೊಡ್ತೀನಿ, ಸಕ್ಕರೆ ಹಾಕಲ್ಲ, ಅದಕ್ಕೆ ಎಷ್ಟು ಬರ್ಕೋತೀಯ?" ಎಂದು ಕೇಳಿದ್ದಳು.

ಫಾರಂ ನೋಡಿದ ಮೇಡಂ ಹಿಗ್ಗಿಹೋದರು. "ಇಷ್ಟು ನಿಜವಾದ ಉತ್ತರ ಯಾರಿಗೂ ಸಿಕ್ಕಿಲ್ಲ ಪಾರವ್ವಾ. ಓದಿ ಹೇಳಿದ್ದು ಮಾತ್ರ ತಾನೇ?"

"ಹೌದ್ರೀ ಅಮ್ಮಾರ."

ಆ ಹೌದು ಎಂಬ ಒಂದು ಮಾತು ಮೂವತ್ತು ವರ್ಷ ಅವಳ ಜೊತೆ ಬಂದಿತ್ತು. ಅದರ ಹಿಂದೆಯೇ ಬಂದದ್ದು ಕಾಯಂ ಕೆಲಸ, ಮಗಳು ವಿಜಯಶ್ರೀಯ ಓದು, ಮೇಡಂ ಮನೆಯ ಗುರುವಾರಗಳು. ಮೊದಮೊದಲು ಹೇಳಬೇಕೆನ್ನಿಸುತ್ತಿತ್ತು. ಆಗೆಲ್ಲ ಮೆಟ್ಟಿಲಿಳಿದು ಹೋದ ಗೋಪೀನಾಥನ ಬೆನ್ನು ಕಾಣುತ್ತಿತ್ತು. ವರ್ಷ ಕಳೆದಂತೆ ಹೇಳುವುದೇ ಬೇಡವೆನಿಸಿತು. ಯಾರಿಗೇನು ಕೇಡಾಗಿದೆ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಈಗ ಆಗಿತ್ತು.

ಮಗಳಿಗೆ ಹೇಳಿದಾಗ ಅವಳು ಹೊಲಿಗೆ ಮಿಷನ್ ನಿಲ್ಲಿಸಿ ತಿರುಗಿದಳು. "ಅವ್ವಾ, ಸುಮ್ನಿರು. ಈ ವಯಸ್ಸಲ್ಲಿ ಯಾಕೆ ಬೇಕು ನಿಂಗಿದು? ಅವರು ಬರಬೇಡ ಅಂದ್ರೆ ಗುರುವಾರ ಎಲ್ಲಿಗ್ ಹೋಗ್ತೀಯ?"

"ಹೇಳಲಿಲ್ಲಂದ್ರ ಅವರು ತಮ್ಮ ಕೈಯ್ಯಾರ ತಮ್ಮ ಬದುಕು ಹರದು ಹಾಕ್ತಾರ."

"ಹೇಳಿದ್ರೂ ಹರಿಯುತ್ತಲ್ಲ?"

ಸೋಮವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟುಕೊಂಡು ಬಸ್ಸು ಹತ್ತಿದಳು.

ಗುರುವಾರವಲ್ಲದ ದಿನ ಅವಳನ್ನು ಬಾಗಿಲಲ್ಲಿ ಕಂಡು ಮೇಡಂ ಗಾಬರಿಯಾದರು. "ಏನೇ ಇದು, ಮಗಳು ಹುಷಾರಾಗಿದಾಳಾ?"

"ಆಕಿ ಆರಾಮ ಅದಾಳ್ರೀ. ನಿಮಗೊಂದು ಮಾತು ಹೇಳೂದಿತ್ತು. ನಿಂತೇ ಹೇಳ್ತೀನಿ. ಕುಂತ್ರ ಹೇಳಾಕ ಆಗೂದಿಲ್ಲ."

ಹೇಳಿದಳು. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಎಷ್ಟು ಫಾರಂ?"

"ಮೊದಲಿನ ಇಪ್ಪತ್ತೆರಡು ಬಿಟ್ಟು ಎಲ್ಲಾ ಅಮ್ಮಾರ."

"ನಾನು ಕೇಳಿದೆ ನಿನ್ನ. ಓದಿ ಹೇಳಿದ್ದು ಮಾತ್ರ ತಾನೇ ಅಂತ, ಬಾಯ್ಬಿಟ್ಟು ಕೇಳಿದೆ."

"ಕೇಳಿದ್ರಿ. ನಾ ಹೌದಂದೆ."

"ಯಾಕೆ?"

"ಗೋಪೀನಾಥಪ್ಪನ್ನ ಕಳಿಸಿದ್ದು ನೋಡಿದ್ದೆನ್ರೀ."

ಮೇಡಂ ಮುಖ ಕೆಂಪಾಯಿತು. "ಅವನು ಹೋಟ್ಲಲ್ಲಿ ನಿಂತು ಸುಳ್ಳು ಬರೆದ ಪಾರವ್ವಾ. ಒಂದು ದಿನದ ಸುಳ್ಳು. ನೀನು ವಾರವಾರ ನನ್ನೆದುರಿಗೆ ಕೂತು ಮೂವತ್ತು ವರ್ಷ ನಗ್ತಾ ಇದ್ದೆ. ನಾನು ಕ್ಲಾಸಲ್ಲಿ ಆ ಪ್ರಶ್ನೆ ಬೋರ್ಡ್ ಮೇಲೆ ಬರೆದು ಪಾಠ ಮಾಡುವಾಗ ನೀನು ಹೊರಗೆ ಸ್ಟೂಲ್ ಹಾಕ್ಕೊಂಡು ಕೂತಿರ್ತಿದ್ದೆ. ಕೇಳಿಸ್ತಿತ್ತು ತಾನೇ?"

"ಕೇಳಸ್ತಿತ್ರೀ."

ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು. ಇಬ್ಬರೂ ಅತ್ತ ನೋಡಲಿಲ್ಲ.

"ಮನೆಗೆ ಹೋಗು," ಎಂದರು ಮೇಡಂ.

ಆ ಗುರುವಾರ ಪಾರವ್ವ ಹೋಗಲಿಲ್ಲ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ತಲೆ ಬಾಚಿಕೊಂಡು ತಯಾರಾಗಿ, ಬಾಗಿಲವರೆಗೂ ಬಂದು ಹಿಂದಿರುಗಿ ಮಂಚದ ಮೇಲೆ ಕೂತಳು. ಫೋನು ಬರಲಿಲ್ಲ. ಮಂಕಾಗಿ ಕೂತವಳಿಗೆ ಬೇಡಬೇಡವೆಂದರೂ ಹಳೆಯದೆಲ್ಲ ನೆನಪಾಗುತ್ತಿತ್ತು. ಆಗಿನ ವಿಜಯನಗರದ ಬೀದಿಗಳಲ್ಲಿ ಮಧ್ಯಾಹ್ನದ ಹೊತ್ತು ಎಷ್ಟು ನಿಶ್ಶಬ್ದ. ಮನೆ ಮುಂದಿನ ಕಲ್ಲು ಬೆಂಚಿನ ಮೇಲೆ ಕೂತು ಅಕ್ಕಿ ಆರಿಸುವ ಹೆಂಗಸರು, "ಬಾಮ್ಮಾ, ಬಿಸಿಲಲ್ಲಿ ಬಂದಿದೀಯ" ಎಂದು ಜಾಗ ಬಿಡುತ್ತಿದ್ದುದು. ಸಂಜೆ ವಿಭಾಗಕ್ಕೆ ಮರಳಿದರೆ ಮೇಡಂ ಇನ್ನೂ ಕಾಯುತ್ತ ಕೂತಿರುತ್ತಿದ್ದರು. ಟೀಚರುಗಳ ಲೋಟ ಬೇರೆ, ಕಸ ಹೊಡೆಯುವವರ ಲೋಟ ಬೇರೆ ಎಂಬ ಕಾಲದಲ್ಲಿ ತಮ್ಮ ಫ್ಲಾಸ್ಕಿನ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ, "ಇವತ್ತು ಯಾರ್ಯಾರ ಮನೆ? ಹೇಳು, ಹೇಳು" ಎನ್ನುತ್ತಿದ್ದರು. ಅವಳು ಜಗಳಗಳನ್ನೆಲ್ಲ ಬಣ್ಣಿಸಿ ಹೇಳುತ್ತಿದ್ದಳು. ಕೇಳಿದ ಪ್ರಶ್ನೆಯೊಂದನ್ನು ಬಿಟ್ಟು.

ಶನಿವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಮನೆ ಮುಂದೆ ಸ್ಕೂಟರ್ ನಿಂತ ಸದ್ದಾಯಿತು. ಸ್ಮೃತಿ ಹೆಲ್ಮೆಟ್ ತೆಗೆಯುತ್ತಲೇ ಒಳಗೆ ಬಂದಳು.

"ಅಜ್ಜೀ, ಏನಜ್ಜಿ ನೀವು! ನನ್ನ ಎರಡು ವರ್ಷ ಉಳಿಸಿದ್ರಿ."

"ನಿನ್ನ ಬಿಡವಾ. ಅಮ್ಮಾರು ಏನಂದ್ರು? ಶಾಲು ಹೊದಿಸಿಕೊಂಡ್ರೋ ಇಲ್ಲೋ?"

"ಇಲ್ಲ. 'ತಡೀರಿ' ಅಂದು ಮೈಕ್ ತಗೊಂಡ್ರು. 'ನಾನು ಅಚ್ಚು ಹಾಕಿಸಿದ ಪ್ರಶ್ನೆಯನ್ನ ಯಾರೂ ಕೇಳೇ ಇಲ್ಲ. ಆದ್ರಿಂದ ಆ ಬರಹ ಇರೋ ರೂಪದಲ್ಲಿ ಸುಳ್ಳು' ಅಂದ್ರು. ನಮ್ಮ ಹೆಡ್ ಆತ್ರೇಯ ಸರ್ ಮುಖ ನೋಡಬೇಕಿತ್ತು ನೀವು. ಶಾಲು ಹಿಡ್ಕೊಂಡು ಹಾಗೇ ನಿಂತಿದ್ರು ಪಾಪ."

"ನನ್ನ ಹೆಸರು ಹೇಳಿದ್ರೇನು?"

"ಹೇಳಿದ್ರು."

"ಬೈದ್ರೇನು?"

ಸ್ಮೃತಿ ಹೇಳಲೋ ಬೇಡವೋ ಎಂದು ವಿಜಯಶ್ರೀಯ ಕಡೆ ನೋಡಿದಳು. "ಬೈದ್ರು ಅಜ್ಜಿ. 'ನನಗೆ ಮೋಸ ಮಾಡಿದಳು' ಅಂತಲೇ ಅಂದ್ರು. ಆಮೇಲೆ ಬೋರ್ಡ್ ಮೇಲೆ ನಿಮ್ಮ ಬಾಗಿಲು, ನೀರು, ಕಾಫಿ, ಊಟ, ಎಲ್ಲಾ ಬರೆದ್ರು. 'ನನಗೆ ಹೊಳೆಯದೇ ಇದ್ದ ಪ್ರಶ್ನೆ ಇದು' ಅಂದ್ರು. ಎಲ್ರೂ ಫೋಟೋ ತೆಗೆದುಕೊಂಡ್ರು. ನಾನು ಮುಂದಿನ ವಾರದಿಂದ ಹೀಗೇ ಕೇಳ್ತೀನಿ." ಅವಳು ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡಳು. "ಹೊರಡಿ. ನಿಮ್ಮನ್ನ ಕರ್ಕೊಂಡು ಬಾ ಅಂದಿದಾರೆ."

"ಹ್ಯಾಂಗ ಅಂದ್ರು? ಸಿಟ್ಟಿನಾಗೋ?"

"ಸಿಟ್ಟಲ್ಲೇ ಅಜ್ಜಿ."

ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ಕೂತು, ಹುಡುಗಿಯ ಭುಜ ಬಿಗಿಯಾಗಿ ಹಿಡಿದುಕೊಂಡು ಪಾರವ್ವ ಮಾಗಡಿ ರಸ್ತೆಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಬಂದಳು.

ಊಟದ ಮೇಜಿನ ತುಂಬ ಫಾರಂಗಳು. ಅಂಚು ಕಂದಿ, ಮಡಿಕೆಯಲ್ಲಿ ಹರಿಯುವಂತಾಗಿದ್ದವು. ತನ್ನದೇ ಕೈಯ ಗುರುತುಗಳನ್ನು ಪಾರವ್ವ ದೂರದಿಂದಲೇ ಗುರುತಿಸಿದಳು. ಮೇಡಂ ಕುರ್ಚಿಯಿಂದ ಏಳಲಿಲ್ಲ.

"ಪತ್ರಿಕೆಯವರಿಗೆ ಬರೀಬೇಕು. ಎರಡು ದಾರಿ ಇದೆ. ಒಂದು, ಪೂರ್ತಿ ವಾಪಸ್ ತಗೋಳೋದು. ಇನ್ನೊಂದು, ಯಾವ ಫಾರಂಗೆ ಯಾವ ಪ್ರಶ್ನೆ ಕೇಳಿದ್ದು, ಅವರು ಏನು ಹೇಳಿದ್ದು ಅಂತ ಒಂದೊಂದಕ್ಕೂ ಬರೆದು ಕಳಿಸೋದು. ಒಪ್ಪಿದ್ರೆ ತಿದ್ದುಪಡಿ ಅಂತ ಹಾಕ್ತಾರೆ. ಇಲ್ಲದಿದ್ರೆ ಇಲ್ಲ. ಮೂವತ್ತು ವರ್ಷದ ಮಾತು ಯಾರಿಗೆ ನೆನಪಿರುತ್ತೆ ಅಂತ ಸ್ಮೃತಿ ಕೇಳ್ತಾಳೆ. ನಿಂಗೆ ಇರುತ್ತೆ ಅಂತ ನಂಗೊತ್ತು. ಇದೆಯಾ?"

"ಮನಿ ಹೇಳ್ರಿ. ನೆನಪಿದ್ದರ ಅದ, ಇಲ್ಲದಿದ್ದರ ಇಲ್ಲ ಅಂತೀನಿ. ಇನ್ನ ಕಟ್ಟಿ ಹೇಳೂದಿಲ್ಲ."

"ಕಟ್ಟಿ ಹೇಳಿದ್ರೆ ನಂಗೆ ಈಗ ಗೊತ್ತಾಗುತ್ತೆ." ಮೇಡಂ ಧ್ವನಿ ಇನ್ನೂ ಗಡುಸಾಗಿಯೇ ಇತ್ತು. "ಇನ್ನೊಂದು ಮಾತು. ಇಷ್ಟು ವರ್ಷ ಇದೇ ವಿಷಯ ಓದಿದೀನಲ್ಲ, ಸಲೀಸಾಗಿ ಆಗುತ್ತೆ ಅಂದ್ಕೊಂಡಿದ್ದೆ. ಆಗಿಲ್ಲ. ಸೋಮವಾರದಿಂದ ನಿನ್ನ ನೆನೆಸಿಕೊಂಡಾಗೆಲ್ಲ ಮೈ ಉರಿದಿದೆ. ಇವತ್ತೂ ಹೋಗಿಲ್ಲ. ಯಾವತ್ತು ಹೋಗುತ್ತೋ ಗೊತ್ತಿಲ್ಲ. ಇದನ್ನ ತಿಳ್ಕೊಂಡೇ ಕೂರು."

"ಇರ್ಲಿ ಬಿಡ್ರೀ ಅಮ್ಮಾರ," ಎಂದು ಪಾರವ್ವ ಎದುರಿನ ಕುರ್ಚಿ ಎಳೆದುಕೊಂಡಳು.

ಮೇಡಂ ಇಪ್ಪತ್ಮೂರನೆಯ ಫಾರಂ ತೆಗೆದು ಲಕ್ಷ್ಮಮ್ಮನ ಹೆಸರು ಓದಿದರು. ಪಾರವ್ವ ಹೇಳಿದಳು, ಅವರು ಬರೆದುಕೊಂಡರು. ಆಮೇಲೆ ಗಂಜಿಯ ಪಾತ್ರೆ ಹೊರುತ್ತಿದ್ದ ಒಬ್ಬ ನಿವೃತ್ತ ಪೋಸ್ಟ್‌ಮನ್, ಆಮೇಲೆ ಅತ್ತೆಯನ್ನು ಹೊಸಿಲಾಚೆಯೇ ನಿಲ್ಲಿಸುತ್ತೇನೆಂದ ಸೊಸೆ. ಒಂದು ಹೆಸರು ಬಂದಾಗ ಎಷ್ಟು ತಡಕಾಡಿದರೂ ಮುಖವೇ ನೆನಪಾಗಲಿಲ್ಲ. "ಇಲ್ರೀ, ಇದು ಹೋತು," ಎಂದಳು. ಮೇಡಂ ಅದನ್ನು ಬೇರೆಯಾಗಿಟ್ಟರು. ಕುರುಬರಹಳ್ಳಿಯ ಹೂ ಕಟ್ಟುವವಳು, ತಂಗಿಗೆ ಊಟ ಬಡಿಸುತ್ತೇನೆ ಆದರೆ ತುಪ್ಪ ಬಡಿಸುವುದಿಲ್ಲ ಎಂದದ್ದನ್ನು ಹೇಳಿದಾಗ ಸ್ಮೃತಿ ಜೋರಾಗಿ ನಕ್ಕಳು. ಮೇಡಂ ತುಟಿ ಬಿಗಿಹಿಡಿದುಕೊಂಡು, "ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ನೀನು," ಎಂದು ಗದರಿದರು. ಗದರುವಾಗ ಪೆನ್ನು ಕೆಳಗಿಟ್ಟು ಅತ್ತ ತಿರುಗಿಕೊಂಡಿದ್ದರು.

ಗಂಟೆ ಒಂದಾದಾಗ ಹದಿನಾಲ್ಕು ಫಾರಂ ಮುಗಿದಿದ್ದವು. ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಹೀಗಾದ್ರೆ ಇದು ಯುಗಾದಿಗೂ ಮುಗಿಯಲ್ಲ."

"ಗುರುವಾರ ಜಲ್ದಿ ಬರ್ತೀನ್ರಿ," ಎಂದಳು ಪಾರವ್ವ, ಮೆಲ್ಲಗೆ, ಕೇಳಲೋ ಬೇಡವೋ ಎಂಬಂತೆ.

"ಗುರುವಾರ ಯಾಕೆ? ನಾಳೆ ಬಾ. ಹತ್ತು ಗಂಟೆಗೆ."

ಸ್ಮೃತಿ ಬಿಟ್ಟುಬರುತ್ತೇನೆಂದರೂ ಕೇಳದೆ ಪಾರವ್ವ ಬಸ್ ಸ್ಟಾಪಿಗೆ ನಡೆದೇ ಹೊರಟಳು. ನಾಳೆ ಮೊದಲು ತೆಗೆಯಬೇಕಾದ ಮೂವತ್ತೇಳನೆಯ ಫಾರಂ ಯಾರದಿರಬಹುದು ಎಂದು ಯೋಚಿಸುತ್ತ ನಡೆದವಳಿಗೆ, ವಾಟರ್ ಟ್ಯಾಂಕಿನ ಹಿಂದಿನ ಬೀದಿ, ಅಲ್ಲಿ ಹಸಿರು ಬಾಗಿಲ ಮನೆ, ಒಳಗಿಂದ "ಯಾರದು?" ಎಂದ ಗಡಸು ದನಿ ನೆನಪಾಗಿ, ಅವಳು ಒಂದು ಗಳಿಗೆ ಫುಟ್‌ಪಾತಿನ ಮೇಲೆ ನಿಂತುಬಿಟ್ಟಳು.